ಕಡಲ್ಗಳ್ಳನಿಗೊಂದು ಎಲೆ

ಸತ್ತವರಿಗೆ ಬಡಿಸುವ ದಿನ ಎಲೆ ಹಾಕುವ ಕೆಲಸವನ್ನು ಧಾರವಾಡದ ಅಳಿಯನಿಗೆ ವಹಿಸಿದ್ದೇ ತಪ್ಪು. ಆದರೆ ಆ ಹೊತ್ತಿನಲ್ಲಿ ಅವನಿಗೆ ಕೊಡಲು ಬೇರೆ ಕೆಲಸವಾದರೂ ಏನಿತ್ತು ಹೇಳಿ? ಒಂದು ಒಲೆಯ ಮೇಲೆ ಕೋಳಿ ಸಾರು ಕುದಿಯುತ್ತಿತ್ತು, ಇನ್ನೊಂದರ ಮೇಲೆ ಬಂಗುಡೆ ಮೀನು. ನಿಜಗುಣ ಮೊಟ್ಟೆಯನ್ನೂ ಮುಟ್ಟದ ಲಿಂಗಾಯತರ ಮನೆಯವನು. ಅಶ್ವಿತಾಳನ್ನು ಮದುವೆಯಾಗಿ ಇಷ್ಟು ವರ್ಷವಾದರೂ ಮೀನಿನ ವಾಸನೆ ಬಂದ ಕೂಡಲೇ ಕಿಟಕಿ ತೆಗೆಯುತ್ತ ಮನೆಯೆಲ್ಲ ಓಡಾಡುತ್ತಾನೆ. ಪಾಪ, ಒಳ್ಳೆಯವನು. ಕೆನಡಾದ ಸ್ಟೌಫ್‌ವಿಲ್‌ನ ಆ ಮನೆಯಲ್ಲಿ ಸ್ಮೋಕ್ ಅಲಾರ್ಮು ಬಡಿದುಕೊಳ್ಳಬಾರದೆಂದು ಅದರ ಬಾಯಿಗೆ ಪ್ಲಾಸ್ಟಿಕ್ ಕವರು ಕಟ್ಟಿದವನೂ ಅವನೇ. ಫ್ರೋಜನ್ ಬಾಳೆಲೆಯನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಬೇಸ್‌ಮೆಂಟಿನ ಕೋಣೆಯಲ್ಲಿ ಸಾಲಾಗಿ ಹಾಕಿ ಬಂದ.

ಆಟಿ ತಿಂಗಳಲ್ಲಿ, ಅಂದರೆ ಜುಲೈ ಕೊನೆಯ ಹೊತ್ತಿಗೆ, ತುಳುವರ ಮನೆಗಳಲ್ಲಿ ತಮ್ಮ ಸತ್ತವರಿಗೆ ಹೀಗೆ ಬಡಿಸುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಎಲೆ. ಬದುಕಿದ್ದಾಗ ಅವರಿಗೆ ಇಷ್ಟವಾಗಿದ್ದನ್ನೆಲ್ಲ ಹಾಕಿ, ಹೆಸರು ಹಿಡಿದು ಕರೆದು, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲುವುದು. ಸತ್ತವರು ಉಣ್ಣುವುದನ್ನು ಬದುಕಿದ್ದವರು ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು ಕೆಮ್ಮಿ, ಬಾಗಿಲು ತಟ್ಟಿ, ಎದ್ದು ಹೋಗಲು ಅವರಿಗೆ ಸಮಯ ಕೊಟ್ಟು ಒಳಗೆ ಹೋಗುವುದು.

ಆ ಮನೆಗೆ ಸೇರಿದ ಸತ್ತವರು ಮೂವರು. ಅಶ್ವಿತಾಳ ತಾಯಿ ಕೊರಪ್ಪೊಳು ಮಲ್ಪೆ ಕಡೆಯ ಮೀನುಗಾರ ಮೊಗವೀರರ ಹೆಂಗಸು, ಮಗಳ ಜೊತೆ ಕೆನಡಾದಲ್ಲಿ ನೆಲೆಸಿದವಳು. ಕೊರಪ್ಪೊಳುವಿನ ತಾಯಿ, ಸೋದರಮಾವ, ಗಂಡ, ಈ ಮೂವರಿಗೇ ಎಲೆ. ಅಶ್ವಿತಾ ಪಾತ್ರೆ ಹಿಡಿದು ಬಂದು ಹಾಕಿದ್ದ ಎಲೆಗಳಿಗೆಲ್ಲ ಬಡಿಸುತ್ತ ಹೋದಳು. ಅವಳ ತಲೆ ಎಲ್ಲಿತ್ತೋ ಏನೋ! ಕುಚ್ಚಲಕ್ಕಿ ಅನ್ನ ಹಾಕಿ, ಬಂಗುಡೆ ಇಟ್ಟು, ಸಾರು ಬಿಟ್ಟು ನೆಟ್ಟಗೆ ನಿಂತಾಗ ಹಿಂದಿನಿಂದ ಅಮ್ಮನ ದನಿ ಕೇಳಿತು.

"ಈ ಕೊನೆಯ ಎಲೆ ಯಾರದ್ದು?"

ನೋಡಿದರೆ ಎಲೆಗಳು ನಾಲ್ಕು.

"ತನ್ಮಯಂದು ಅತ್ತೀ," ನಿಜಗುಣ ಮೆಲ್ಲಗೆ ಹೇಳಿದ. "ಮನೀ ಮಗನ್ನ ಬಿಟ್ಟು ಹೆಂಗ ಮಾಡೋದು? ಅಂವಗೂ ಒಂದು ಇರಲಿ ಅಂತ ನಾನ ಹಾಕೀನ್ರಿ."

ಗಂಡನ ಎಲೆಯ ಪಕ್ಕ ಇಡಲು ತಂದಿದ್ದ ಬಿಯರ್ ಕ್ಯಾನು ಕೊರಪ್ಪೊಳುವಿನ ಕೈಯಿಂದ ನೆಲಕ್ಕೆ ಬಿತ್ತು.

ತನ್ಮಯ್ ಅಶ್ವಿತಾಳ ತಮ್ಮ, ಸರಕು ಹಡಗಿನಲ್ಲಿ ಎಂಜಿನಿಯರ್ ಆಗಿದ್ದವನು. ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿ ಕಡಲ್ಗಳ್ಳರು ಹಡಗು ಹತ್ತಿ ಅವನನ್ನೂ ಇನ್ನು ಕೆಲವರನ್ನೂ ಹೊತ್ತುಕೊಂಡು ಹೋದರು. ಹೌದು, ಈ ಕಾಲದಲ್ಲೇ. ತಿಂಗಳುಗಟ್ಟಲೆ ಆದ ಮೇಲೆ ಉಳಿದವರೆಲ್ಲ ಬಿಡುಗಡೆಯಾಗಿ ಮನೆ ಸೇರಿದರು, ತನ್ಮಯ್ ಮಾತ್ರ ಬರಲಿಲ್ಲ. ಅವರನ್ನು ಅಡಗಿಸಿಟ್ಟಿದ್ದ, ನದಿ ಕಡಲು ಸೇರುವ ಅಳಿವೆಯ ಕಾಡಿನಲ್ಲಿ ಒಂದು ದಿನ ಗುಂಡು ಹಾರಿದಾಗ ಅವನು ನೀರಿಗೆ ಹಾರಿದನಂತೆ, ಆಮೇಲೆ ಯಾರೂ ಅವನನ್ನು ನೋಡಲಿಲ್ಲವಂತೆ. ಕಂಪನಿಯವರು ಕಾಣೆಯಾಗಿದ್ದಾನೆ ಎಂದು ಹೇಳಿ ಕೈತೊಳೆದುಕೊಂಡರು. ಅಂದಿನಿಂದ ಕೊರಪ್ಪೊಳು ಬಾಯಿಗೆ ಮೀನು ಹಾಕಿಲ್ಲ. ಮಗ ಬಂದ ದಿನ ಅವನ ಜೊತೆ ಕೂತು ತಿನ್ನುತ್ತೇನೆ ಎನ್ನುತ್ತಾಳೆ. ಉತ್ತರಕ್ರಿಯೆಯ ಮಾತೆತ್ತಿದ ನೆಂಟರ ಮನೆಗೆ ಫೋನು ಮಾಡುವುದನ್ನೇ ನಿಲ್ಲಿಸಿದ್ದಳು. ಅಂಥವಳ ಎದುರು ಈ ಮಹಾರಾಯ ಎಲೆ ಹಾಕಿ ಕೂತಿದ್ದ.

"ಎಂತ ಮಾಡಿದ್ರಿ ನೀವು! ಜೀವ ಇರುವ ಹುಡುಗನಿಗೆ ಎಲೆ ಹಾಕಿದ್ರಲ್ಲ!" ಕೊರಪ್ಪೊಳು ಎದೆ ಬಡಿದುಕೊಂಡಳು. "ನಾನು ಸತ್ತು ಹೋಗಿದ್ದೇನಾ ಇಲ್ಲಿ?"

"ತೆಗಿತೀನ್ರಿ ಅತ್ತೀ, ಈಗ ತೆಗಿತೀನಿ."

"ಮುಟ್ಟಬೇಡಿ! ಅನ್ನ ಬಿದ್ದಾಯ್ತು!"

ಅದೂ ಸರಿಯೇ. ಅನ್ನ ಬಿದ್ದ ಎಲೆಯನ್ನು ಎತ್ತುವಂತಿಲ್ಲ. ಹೆಸರು ಕರೆಯದೆ ಬಿಡುವಂತೆಯೂ ಇಲ್ಲ. ಬಿಟ್ಟರೆ ದಿಕ್ಕಿಲ್ಲದೆ ಅಲೆಯುವ ಪ್ರೇತಗಳಲ್ಲಿ ಯಾವುದು ಬಂದು ಕೂರುತ್ತದೋ ಯಾರು ಬಲ್ಲರು. ಕೊರಪ್ಪೊಳು ಮಗಳ ರಟ್ಟೆ ಹಿಡಿದು ಅಲುಗಿಸಿದಳು. "ಯಾರದ್ದಾದ್ರೂ ಹೆಸರು ಕರಿ, ಸತ್ತವರದ್ದು. ನನ್ನ ಮಗನದ್ದು ಬಿಟ್ಟು ಯಾರದ್ದಾದ್ರೂ ಆಗ್ತದೆ. ಬೇಗ!"

ಸತ್ತವರ ಹೆಸರಿಗೆ ಅಶ್ವಿತಾಳ ಹತ್ತಿರ ಬರವೇ? ಒಶಾವಾದ ಒಂದು ಕಾಲೇಜಿನಲ್ಲಿ ಅವಳು ಪಾಠ ಮಾಡುವುದೇ ಹಳೆಯ ಅಟ್ಲಾಂಟಿಕ್ ಕಡಲ್ಗಳ್ಳರ ಇತಿಹಾಸವನ್ನು. ಮುನ್ನೂರು ವರ್ಷದ ಹಿಂದೆ ಗಲ್ಲಿಗೇರಿದವರ ಹೆಸರುಗಳೆಲ್ಲ ಅವಳಿಗೆ ಬಾಯಿಪಾಠ. ಬೆಳಿಗ್ಗೆಯಷ್ಟೇ ಅಂಥ ಒಬ್ಬನ ವಿಚಾರಣೆಯ ಬಗ್ಗೆ ಓದುತ್ತ ಕೂತಿದ್ದಳು. ಗಾಬರಿಯಲ್ಲಿ ಆ ಹೆಸರೇ ಬಾಯಿಗೆ ಬಂತು.

"ಜೋಸಾಯ ಪೆಲ್, ಬಾ, ಉಣ್ಣು."

ಬಾಗಿಲು ಹಾಕಿ ಮೂವರೂ ಹೊರಗೆ ನಿಂತರು. ಚುರುಚುರು ಬಿಸಿಲು ಕಾಯುವ ಮಧ್ಯಾಹ್ನ, ಪಕ್ಕದ ಮನೆಯವನು ಹುಲ್ಲು ಕತ್ತರಿಸುವ ಮೆಷಿನ್ನು ಓಡಿಸುತ್ತಿದ್ದ. ಅವನು ಅದನ್ನು ನಿಲ್ಲಿಸಿದ ಮೇಲೆ ಕೋಣೆಯೊಳಗಿನ ಶಬ್ದ ಕೇಳಿಸತೊಡಗಿತು. ಒದ್ದೆ ಹಗ್ಗಕ್ಕೆ ಭಾರ ಕಟ್ಟಿ ತೂಗಿದರೆ ಆಗುವ ಕಿರ್ ಕಿರ್ ಶಬ್ದ. "ಎ.ಸಿ. ಇರಬೇಕು," ಎಂದ ನಿಜಗುಣ. 

ಬಾಗಿಲು ತೆಗೆದಾಗ ಮೂರು ಎಲೆಗಳು ಬಡಿಸಿದ್ದ ಹಾಗೆಯೇ ಇದ್ದವು. ನಾಲ್ಕನೆಯದರಲ್ಲಿ ಅನ್ನದ ಗುಡ್ಡೆ ಕುಸಿದು ಒಂದು ಗುಳಿ ಬಿದ್ದಿತ್ತು. ಎಲೆಯ ಎದುರು, ಒಬ್ಬ ಮನುಷ್ಯ ಚಕ್ಕಳಮಕ್ಕಳ ಹಾಕಿ ಕೂತರೆ ಎಷ್ಟು ಜಾಗ ಬೇಕೋ ಅಷ್ಟು ನೆಲ ಒದ್ದೆಯಾಗಿತ್ತು. ಅಶ್ವಿತಾ ಬಗ್ಗಿ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದಳು. ಉಪ್ಪು. 

"ಯಾರವನು ಪೆಲ್ಲ?" ಮೇಲೆ ಬಂದು ಕೂತ ಮೇಲೆ ಕೊರಪ್ಪೊಳು ಕೇಳಿದಳು.

ಸುಳ್ಳು ಹೇಳಿ ಅಭ್ಯಾಸವಿದ್ದರೆ ತಾನೇ? ಅಶ್ವಿತಾ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಕೊರಪ್ಪೊಳುವಿನ ಮುಖ ಕಪ್ಪಿಟ್ಟಿತು. "ನನ್ನ ಮಗನನ್ನು ಹೊತ್ತುಕೊಂಡು ಹೋದ ಜನ. ಅಂಥವನಿಗೆ ನನ್ನ ಗಂಡನ ಪಕ್ಕದಲ್ಲಿ ಎಲೆ ಹಾಕಿ ಬಡಿಸಿದಿಯಲ್ಲ. ನಿನಗೆ ಬೇರೆ ಯಾರೂ ಸಿಗ್ಲಿಲ್ವಾ ಮಾರಾಯ್ತಿ?" ಎಂದವಳು ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಆ ದಿನ ಆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಒಮ್ಮೆ ಹೆಸರು ಕರೆದು ಅನ್ನ ಹಾಕಿದ ಮೇಲೆ ಸತ್ತವನು ಆ ಮನೆಯವನೇ. ಹೋಗು ಎಂದರೆ ಅವನು ಹೋಗುವುದೆಲ್ಲಿಗೆ? ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಬಿಳಿಯ ಉಪ್ಪಿನ ಕಲೆ ಮೂಡತೊಡಗಿತು. "ಹಿಮ ಕರಗ್ಲಿ ಅಂತ ರೋಡಿಗೆ ಹಾಕೋ ಉಪ್ಪು, ಬೂಟಿನಾಗ ಬಂದಿರತೈತಿ," ಎಂದ ನಿಜಗುಣ. ಆಗಸ್ಟ್ ತಿಂಗಳಲ್ಲಿ ಸ್ಟೌಫ್‌ವಿಲ್‌ನ ರಸ್ತೆಗೆ ಉಪ್ಪು ಹಾಕುವ ಪುಣ್ಯಾತ್ಮ ಯಾರಪ್ಪ ಎಂದು ಹೆಂಡತಿ ಕೇಳಿದ ಮೇಲೆ ಬಟ್ಟೆ ತಂದು ಒರೆಸಿದ. ಎಷ್ಟು ಒರೆಸಿದರೂ ಕಲೆ ಮರುದಿನ ಅಲ್ಲೇ. ಒಗೆಯುವ ಬಟ್ಟೆ ಹಾಕಲು ಕೆಳಗಿಳಿದರೆ ಬೆನ್ನ ಹಿಂದೆ ಯಾರೋ ಉಸಿರು ಬಿಗಿಹಿಡಿದು ನಿಂತಂತೆ ಅನಿಸುತ್ತಿತ್ತು. ಅಶ್ವಿತಾಳಿಗೆ ಹೆದರಿಕೆಯಾಗುತ್ತಿತ್ತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ?

ಕಾಲೇಜು ಶುರುವಾದ ಮೇಲೆ ಅಲ್ಲೂ ಅದೇ ಗತಿ. ಪ್ರತಿ ವರ್ಷ ಮೊದಲ ಕ್ಲಾಸಿಗೆ ಯಾರಾದರೂ ಒಬ್ಬ ಒಂದು ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಬಂದು ನಗಿಸುತ್ತಾನೆ. ಪ್ರತಿ ವರ್ಷ ಅವಳೂ ನಗುತ್ತಾಳೆ. ತನ್ಮಯ್ ಹಡಗು ಸೇರಿದ ಹೊಸತರಲ್ಲಿ ಫೋನಿನಲ್ಲಿ ಇದೇ ಕಡಲ್ಗಳ್ಳರ ಕಥೆ ಹೇಳಿ ಅವನನ್ನು ಹೆದರಿಸಿ ನಗಾಡಿದ್ದೂ ಉಂಟು. ಈ ಸಲ ನಗು ಬರಲಿಲ್ಲ. ಹಿಂದಿನ ಸಾಲಿನ ಖಾಲಿ ಕುರ್ಚಿಯ ಕೆಳಗೆ ನೀರು ನಿಂತಿತ್ತು. ಗಲ್ಲಿಗೇರಿಸಿದವರನ್ನು ಅಲೆ ಬಂದು ಬಡಿಯುವ ಜಾಗದಲ್ಲಿ ನೇತುಹಾಕಿ ಹಾಗೇ ಬಿಡುತ್ತಿದ್ದರು ಎಂಬ ಮಾತಿಗೆ ಬಂದಾಗ ಅವಳು ಪಾಠ ನಿಲ್ಲಿಸಿದಳು. ಲ್ಯಾಪ್‌ಟಾಪ್ ಮುಚ್ಚಿ, ತಲೆನೋವು ಎಂದು ಹೇಳಿ ಹೊರಗೆ ಬಂದುಬಿಟ್ಟಳು.

ಆ ಸಂಜೆ ಮನೆಗೆ ಬಂದರೆ ಕೊರಪ್ಪೊಳು ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಕೂತಿದ್ದಳು.

"ಅಮ್ಮ, ಇಲ್ಲಿ ಎಂತ ಮಾಡ್ತಿದ್ದಿ?"

"ಅವನು ಒಂದೇ ಸಮ ಕೊರಗ್ತಾನೆ ಮಾರಾಯ್ತಿ. ಕೇಳ್ಲಿಕ್ಕೆ ಆಗುದಿಲ್ಲ." ಮಗಳ ಕಡೆ ತಿರುಗಿ ಕೇಳಿದಳು, "ಎಂತ ಮಾಡಿದ್ದ ಅವನು? ಸರಿಯಾಗಿ ಹೇಳು."

ಅಶ್ವಿತಾ ಅಮ್ಮನ ಪಕ್ಕದಲ್ಲಿ ಕೂತು ಹೇಳಿದಳು. ಪೆಲ್ ಹುಟ್ಟಾ ಕಳ್ಳನಲ್ಲ. ವ್ಯಾಪಾರದ ಹಡಗಿನಲ್ಲಿ ಅಡುಗೆಯವನ ಕೈಕೆಳಗೆ ದುಡಿಯುತ್ತಿದ್ದ. ಕಡಲ್ಗಳ್ಳರು ಆ ಹಡಗು ಹಿಡಿದರು. ಆ ಕಾಲದಲ್ಲಿ ಹಿಡಿದ ಹಡಗಿನ ಆಳುಗಳನ್ನು ಸೇರಿಸಿಕೊಂಡೇ ಕಡಲ್ಗಳ್ಳರ ದಂಡು ಬೆಳೆಯುತ್ತಿದ್ದದ್ದು. ಕೆಲವರು ಸಂಬಳ ಕೊಡದ, ಚಾವಟಿ ಬೀಸುವ ಕ್ಯಾಪ್ಟನ್ನುಗಳ ಕಾಟ ತಾಳದೆ ಖುಷಿಯಿಂದಲೇ ಹೋಗುತ್ತಿದ್ದರು. ಕೆಲವರನ್ನು ಕತ್ತಿನ ಮೇಲೆ ಕತ್ತಿ ಇಟ್ಟು ಎಳೆದೊಯ್ಯುತ್ತಿದ್ದರು. ತನ್ನನ್ನು ಎಳೆದೊಯ್ದರು ಎಂದು ಪೆಲ್ ಕೋರ್ಟಿನಲ್ಲಿ ಬಾಯಿ ಬಡಿದುಕೊಂಡ. ಸಾಕ್ಷಿ ಹೇಳಲು ಒಬ್ಬನೂ ಬರಲಿಲ್ಲ. ಆಫ್ರಿಕಾದ ಕರಾವಳಿಯ ಒಂದು ಕೋಟೆಯ ಮುಂದೆ ಅವನನ್ನು ನೇತುಹಾಕಿದರು.

"ಮತ್ತೆ ಪಾಪ ಮಾಡಿರಲೇ ಇಲ್ವಾ?"

"ಮಾಡಿದ್ದ. ಅವರು ಹಿಡಿದ ಹಡಗುಗಳಲ್ಲಿ ಗುಲಾಮರಿರ್ತಿದ್ರು ಅಮ್ಮ. ಬಿಡಿಸ್ಲಿಲ್ಲ, ಮಾರಿದ್ರು. ಇವನೂ ತನ್ನ ಪಾಲು ತಗೊಂಡಿದ್ದ. ಅವರಲ್ಲಿ ಎಲ್ಲದಕ್ಕೂ ಸಮಪಾಲು."

ಕೊರಪ್ಪೊಳು ಆ ಕೊನೆಯ ಮಾತು ಕೇಳಿಸಿಕೊಂಡಳೋ ಇಲ್ಲವೋ. ಅವಳ ಮನಸ್ಸು ಬೇರೆಯೇ ಒಂದು ಕಡೆ ಹೋಗಿ ಸಿಕ್ಕಿಕೊಂಡಿತ್ತು. ಕಣ್ಣು ಹೊಳೆಯುತ್ತಿತ್ತು. "ಹಾಗಾದ್ರೆ ಹಿಡಿದವರನ್ನು ಅವರು ಕೊಲ್ಲುದಿಲ್ಲ. ತಮ್ಮ ಜೊತೆ ಸೇರಿಸಿಕೊಳ್ತಾರೆ. ತನ್ಮಯ್ ಎಂಜಿನ್ ಕೆಲಸ ಗೊತ್ತಿರುವ ಹುಡುಗ. ಅಂಥವನನ್ನು ಯಾರಾದ್ರೂ ಬಿಡ್ತಾರಾ?"

"ಅಮ್ಮ, ಅದು ಆ ಕಾಲ. ಈಗಿನವರು ಹಾಗಲ್ಲ."

"ನಿನಗೆ ಎಲ್ಲ ಗೊತ್ತುಂಟು, ಅದೊಂದು ಗೊತ್ತಿಲ್ಲ," ಎಂದಳು ಕೊರಪ್ಪೊಳು.

ಅಶ್ವಿತಾ ನಾಲಿಗೆ ಕಚ್ಚಿಕೊಂಡಳು. ಕಚ್ಚಿಕೊಂಡು ಏನು ಬಂತು? ಮಾತು ಹೋಗಿ ಆಗಿತ್ತು. ಅಂದಿನಿಂದ ಕೊರಪ್ಪೊಳುವಿಗೆ ಆ ಮೆಟ್ಟಿಲೇ ಮನೆಯಾಯಿತು. ಬೆಳಿಗ್ಗೆ ಚಹಾ ಕುಡಿದು ಕೂತರೆ ಕೂತಳು. ತಾನು ಬೈದವನನ್ನೇ ಈಗ ಮಾತಾಡಿಸತೊಡಗಿದಳು. "ಓ ಪೆಲ್ಲಾ, ನನ್ನ ಮನೆಯ ಅನ್ನ ಉಂಡಿದ್ದಿ ನೀನು. ಆ ಕಡಲು ನಿನಗೆ ಗೊತ್ತುಂಟು. ಹೋಗಿ ಹುಡುಕಿಕೊಂಡು ಬಾ, ನನ್ನ ಮಗ ಯಾರ ಕೈಯಲ್ಲಿದ್ದಾನೆ ನೋಡು." ಸತ್ತವನಿಗೆ ಕನ್ನಡ ಬರುತ್ತದೋ ತುಳು ಬರುತ್ತದೋ ಎಂಬ ಯೋಚನೆ ಅವಳಿಗಿರಲಿಲ್ಲ. ಕೆಳಗಿನಿಂದ ಹಗ್ಗ ಕಿರುಗುಟ್ಟಿದರೆ ತಲೆಯಾಡಿಸುತ್ತಿದ್ದಳು.

ಚಳಿಗಾಲ ಬಂತು. ಎಲ್ಲರ ಮನೆಯ ಬಾಗಿಲಲ್ಲೂ ಬೂಟಿನ ಉಪ್ಪಿನ ಕಲೆ ಬಿದ್ದು ಪೆಲ್‌ನ ಉಪ್ಪು ಅದರಲ್ಲಿ ಸೇರಿಹೋಯಿತು. ಕೊರಪ್ಪೊಳು ಮಾತ್ರ ಸವೆಯುತ್ತಾ ಹೋದಳು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ಮಾತ್ರೆ ಕೊಟ್ಟರು, ಹೊರಗೆ ನಡೆದಾಡಿಸಿ ಎಂದರು. ಅವಳು ಮೆಟ್ಟಿಲು ಬಿಟ್ಟು ಏಳಬೇಕಲ್ಲ! ಬಳೆ ಮೊಣಕೈವರೆಗೆ ಜಾರುತ್ತಿತ್ತು. ತಮ್ಮನನ್ನು ಕಡಲು ತಿಂದಿದೆ ಎಂದು ಅಶ್ವಿತಾಳಿಗೆ ಎಂದೋ ಖಾತ್ರಿಯಾಗಿತ್ತು, ಒಂದು ದಿನವೂ ಅವನಿಗಾಗಿ ಬಾಯಿಬಿಟ್ಟು ಅಳಲು ಆಗಿರಲಿಲ್ಲ. ಈಗ ಅಮ್ಮನನ್ನೂ ಆ ಆಸೆಯೇ ತಿನ್ನುತ್ತಿತ್ತು. ಆ ಆಸೆ ಕೊಟ್ಟವಳೂ ತಾನೇ.

"ಅವ್ವನ್ನ ಹಿಂಗ ಬಿಟ್ರ ಉಳಿಯೂದಿಲ್ಲ ಅಶ್ವಿ," ನಿಜಗುಣ ಒಂದು ದಿನ ಹೇಳಿಯೇಬಿಟ್ಟ. "ಎಲ್ಲಾ ನನ್ನಿಂದನ ಆತು. ಆ ಎಲಿ ನಾ ಹಾಕಬಾರದಿತ್ತು."

"ಹೆಸರು ಕರೆದದ್ದು ನಾನು. ಈಗ ಕಳಿಸ್ಬೇಕಾದದ್ದೂ ನಾನೇ," ಎಂದಳು ಅಶ್ವಿತಾ.

ಮತ್ತೆ ಆಟಿ ಬಂತು. ಈ ವರ್ಷ ಮೂರೇ ಎಲೆ, ಪೆಲ್‌ಗೆ ಕೈಮುಗಿದು ಹೋಗು ಎನ್ನುವುದು ಎಂದು ಅಶ್ವಿತಾ ತೀರ್ಮಾನಿಸಿದ್ದಳು. ಕೊರಪ್ಪೊಳು ಒಪ್ಪಲಿಲ್ಲ. ಗೋಡೆ ಹಿಡಿದು ಎದ್ದು ಅಡುಗೆಮನೆಗೆ ಬಂದು ತಾನೇ ಮಸಾಲೆ ಹುರಿದಳು, ತಾನೇ ಬಂಗುಡೆ ಬೇಯಿಸಿದಳು. "ಇವತ್ತು ಅವನಿಗೆ ನಾನು ಬಡಿಸ್ತೇನೆ. ವರ್ಷ ಇಡೀ ಕೇಳಿದ್ದೇನೆ. ಇವತ್ತು ಅವನು ಹೇಳ್ಬೇಕು. ಹೇಳದೆ ಎದ್ದರೆ ಅವನಿಗೆ ಈ ಮನೆಯ ಅನ್ನ ಮುಗೀತು, ನಾನೇ ಬಾಗಿಲು ತೋರಿಸ್ತೇನೆ."

"ಮತ್ತೆ ನೀನು ಮೆಟ್ಟಿಲಿನ ಮೇಲೆ ಕೂರುದಿಲ್ಲ ಅಲ್ವಾ ಅಮ್ಮ?"

"ಕೂರುದಿಲ್ಲ."

ನಾಲ್ಕು ಎಲೆ ಹಾಕಿದರು. ಕೊನೆಯದಕ್ಕೆ ಕೊರಪ್ಪೊಳು ಅನ್ನ ಬಡಿಸಿ, ಒಂದು ಇಡೀ ಬಂಗುಡೆ ಇಟ್ಟಳು. ಹೆಸರು ಕರೆದಳು. ಬಾಗಿಲು ಹಾಕಿದರು. ಹೊರಗೆ ಮೂವರೂ ಗೋಡೆಗೆ ಒರಗಿ ನಿಂತರು. ಮೊದಲು ಹಗ್ಗ ಕಿರುಗುಟ್ಟಿತು. ಆಮೇಲೆ ಅದು ನಿಂತಿತು. ಇಡೀ ವರ್ಷದಲ್ಲಿ ಮೊದಲ ಸಲ ಬೇಸ್‌ಮೆಂಟು ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಒದ್ದೆ ಕಾಲುಗಳು ನೆಲದ ಮೇಲೆ ಸರಿದಾಡುವುದು ಕೇಳಿಸಿತು, ಯಾರೋ ಪಕ್ಕಕ್ಕೆ ಸರಿದು ಜಾಗ ಬಿಟ್ಟುಕೊಟ್ಟ ಹಾಗೆ. ನಿಜಗುಣನ ಕೈ ಕೊರಳಿನ ಲಿಂಗದ ಕಡೆ ಹೋಯಿತು. ಈ ಸಲ ಅವನು ಎ.ಸಿ. ಎನ್ನಲಿಲ್ಲ.

ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋದರು.

ಪೆಲ್‌ನ ಎಲೆಯ ಎದುರು ನೆಲ ಒದ್ದೆಯಾಗಿತ್ತು. ಎದುರು ಮಾತ್ರವಲ್ಲ, ಪಕ್ಕದಲ್ಲೂ. ಎರಡು ಜಾಗ, ಮೊಣಕಾಲಿಗೆ ಮೊಣಕಾಲು ತಾಗಿಸಿ ಇಬ್ಬರು ಕೂತಷ್ಟು. ಎಲೆಯ ಮೇಲೆ ಅನ್ನದ ನಡುವೆ ಬೆರಳಿನಿಂದ ಎಳೆದ ಗೆರೆ. ಗೆರೆಯ ಎರಡೂ ಬದಿಗೆ ಒಂದಿಷ್ಟೂ ಹೆಚ್ಚುಕಡಿಮೆ ಇಲ್ಲದ ಸಮಪಾಲು, ಎರಡೂ ಪಾಲುಗಳಲ್ಲಿ ಕೈ ಹಾಕಿದ ಗುಳಿ. ಬಂಗುಡೆಯನ್ನು ನಡುವೆ ಮುರಿಯಲಾಗಿತ್ತು. ಒಂದು ಬದಿಯಲ್ಲಿ ತಲೆಯ ಅರ್ಧ, ಕೆದಕಿ ಕೆದಕಿ ಮುಳ್ಳೂ ಮಾಂಸವೂ ಒಂದಾಗಿ ಹರಡಿತ್ತು. ಇನ್ನೊಂದು ಬದಿಯಲ್ಲಿ ಬಾಲದ ಅರ್ಧ. ಅದರ ನಡುಮುಳ್ಳನ್ನು ಬಾಲದ ಸಮೇತ ಇಡಿಯಾಗಿ ಎತ್ತಿ ಎಲೆಯ ಅಂಚಿಗೆ ಒರಗಿಸಿಡಲಾಗಿತ್ತು. ಸಣ್ಣ ಮುಳ್ಳುಗಳು ಅದರ ಪಕ್ಕದಲ್ಲಿ ಒಂದರ ಕೆಳಗೊಂದು ಸಾಲಾಗಿದ್ದವು.

ಕೊರಪ್ಪೊಳು ಎಲೆಯ ಮುಂದೆ ಕೂತು ಬಗ್ಗಿ ನೋಡಿದಳು.

"ಮುಳ್ಳು ನೋಡು ಅಶ್ವಿತಾ." ಅವಳ ದನಿ ಎಲ್ಲೋ ದೂರದಿಂದ ಬರುತ್ತಿತ್ತು. "ನಾನು ಕಲಿಸಿದ್ದು. ಹಲ್ಲು ಬಂದ ಹೊಸತರಲ್ಲಿ ಮಡಿಲಲ್ಲಿ ಕೂರಿಸಿ, ಗಂಟಲಿಗೆ ಸಿಕ್ಕಬಾರದು ಅಂತ ಹೀಗೆ ತೆಗೆದು ಹೀಗೆ ಇಡ್ಲಿಕ್ಕೆ ನಾನೇ ಕಲಿಸಿದ್ದು."

ಅಶ್ವಿತಾ ನೆಲಕ್ಕೆ ಕೂತು ಅಮ್ಮನ ಬೆನ್ನು ತಬ್ಬಿಕೊಂಡಳು. ಇಷ್ಟು ವರ್ಷ ಒಳಗೆ ತುಂಬಿಟ್ಟ ಅಳು ಒಮ್ಮೆಲೇ ಹೊರಗೆ ಬಂತು, ಬಿಕ್ಕಿ ಬಿಕ್ಕಿ ಅತ್ತಳು.

"ಹಸಿದುಕೊಂಡು ತಿರುಗಿದ ನನ್ನ ಮಗ," ಕೊರಪ್ಪೊಳು ಆ ಮುಳ್ಳುಗಳನ್ನೇ ನೋಡುತ್ತ ಹೇಳಿದಳು. "ಎಲ್ಲರ ತಾಯಂದಿರು ಎಲೆ ಹಾಕಿ ಕರೀತಾರೆ. ನಾನು ಕರೀಲಿಲ್ಲ. ಕರೆದ್ರೆ ಸತ್ತ ಅಂತಾಗ್ತದೆ ಅಂತ ಹೇಳಿ ಬಾಗಿಲು ಹಾಕಿಕೊಂಡೆ. ಕಡಲ್ಗಳ್ಳ ತನ್ನ ಪಾಲಿನಲ್ಲಿ ಅರ್ಧ ಕೊಟ್ಟ. ಹೆತ್ತವಳು ನಾನು ಒಂದು ತುತ್ತು ಕೊಡ್ಲಿಲ್ಲ."

ನೀವು ನಂಬುತ್ತೀರೋ ಬಿಡುತ್ತೀರೋ, ಆ ಕೋಣೆಯಲ್ಲಿದ್ದ ಮೂವರಿಗೆ ಅನುಮಾನ ಉಳಿಯಲಿಲ್ಲ. ಕೊರಪ್ಪೊಳು ಸೆರಗಿನಿಂದ ಮುಖ ಒರೆಸಿಕೊಂಡು ಅಳಿಯನ ಕಡೆ ತಿರುಗಿದಳು. "ಇನ್ನೊಂದು ಎಲೆ ಹಾಕಿ," ಎಂದಳು. ನಿಜಗುಣ ಓಡಿದ. ಬರುವಾಗ ಎಲೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಅನ್ನದ ಪಾತ್ರೆ, ಇನ್ನೊಂದು ಕೈಯಲ್ಲಿ ಬಂಗುಡೆಯ ಪಾತ್ರೆ ಹಿಡಿದು ತಂದ. ಮೂಗು ಮುಚ್ಚಿಕೊಳ್ಳಲು ಅವನಿಗೆ ನೆನಪೇ ಆಗಲಿಲ್ಲ.

ಪೆಲ್‌ನ ಎಲೆಯ ಪಕ್ಕಕ್ಕೇ ಹೊಸ ಎಲೆ ಹಾಕಿದರು. ಕೊರಪ್ಪೊಳು ಅನ್ನ ಬಡಿಸಿದಳು, ಮೀನಿಟ್ಟಳು, ಸಾರು ಬಿಟ್ಟಳು. ಪೆಲ್‌ನ ಎಲೆಗೂ ಇನ್ನೊಂದು ಸೌಟು ಅನ್ನ ಹಾಕಿ, ಇನ್ನೊಂದು ಬಂಗುಡೆ ಇಟ್ಟಳು. ಆಮೇಲೆ ಹೊಸ ಎಲೆಯ ಹತ್ತಿರ ಬಗ್ಗಿ ಹೆಸರು ಕರೆದಳು.

"ತನ್ಮಯ್. ಬಾ ಮಗಾ. ಉಣ್ಣು."

ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಸ್ವಲ್ಪ ಹೊತ್ತಾಯಿತು, ಇನ್ನೂ ಸ್ವಲ್ಪ ಹೊತ್ತಾಯಿತು. ಅಶ್ವಿತಾ ಕೆಮ್ಮಲು ಹೊರಟಾಗ ಕೊರಪ್ಪೊಳು ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. ತಾನೇ ಬಾಗಿಲಿಗೆ ಹಣೆ ಒತ್ತಿ, ಮಗುವಿನ ಹತ್ತಿರ ಮಾತಾಡುವ ದನಿಯಲ್ಲಿ ಹೇಳಿದಳು.

"ನಿಧಾನ ಉಣ್ಣು ಮಗಾ. ಯಾರೂ ಬಾಗಿಲು ತೆಗೆಯುದಿಲ್ಲ."